ಕಮಲಾಪುರದ ಬಾವಿಯ ಎಲುಬು

"ಅವು ಕರೀಂಸಾಬನ ಎಲುಬಲ್ಲ," ಎಂದ ಗುರುಲಿಂಗಪ್ಪ ಮಾಸ್ತರ. ಕೈಯಲ್ಲಿದ್ದ ರೊಟ್ಟಿ ತುಂಡು ತಾಟಿಗೆ ಬಿತ್ತು.

ಸುದ್ದಿ ಹೇಳಿದವಳು ಹೆಂಡತಿ ಲಲಿತಾಬಾಯಿ. ಕಮಲಾಪುರದಲ್ಲಿ ಮಾಪಣ್ಣನ ಹೊಲದ ಬಾವಿ ಆಳ ಮಾಡುವಾಗ ಎಲುಬು ಸಿಕ್ಕಿವೆಯಂತೆ. ಮಾಪಣ್ಣನ ಕೈಗೆ ಬೇಡಿ ಬಿದ್ದಿದೆಯಂತೆ. ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ, ನಿಜಾಮನ ರಾಜ್ಯ ಬಿದ್ದ ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ, ಬಟ್ಟೆ ವ್ಯಾಪಾರಿ ಕರೀಂಸಾಬ್ ಜೀವ ಉಳಿಸಿಕೊಳ್ಳಲು ಕಲಬುರಗಿ ಹಾದಿ ಹಿಡಿದಿದ್ದ. ಊರವರು ಅವನನ್ನು ಕೊನೆಗೆ ಕಂಡದ್ದು ಆ ಹೊಲದ ಬದಿಯಲ್ಲಿ. ಊರಿಗೆ ಅಷ್ಟು ಸಾಕಲ್ಲವೇ!

"ನೋಡದೇ ಹ್ಯಾಂಗ ಹೇಳ್ತೀರಿ?"

"ಮಾಪಣ್ಣ ಅಂಥಾವಲ್ಲ. ಕೋಳಿ ಕೊಯ್ಯೂದು ನೋಡಿದರ ಕಣ್ಣು ಮುಚ್ಕೋತಾನ."

ಮಾಸ್ತರನಿಗೆ ಮೊದಲಿನಿಂದಲೂ ಕಲ್ಲಿನ ಹುಚ್ಚು. ಕಲಬುರಗಿಯ ಗಾಜಿಪುರ ಓಣಿಯ ಅವನ ಮನೆಯ ಕಪಾಟಿನಲ್ಲಿ ಪುಸ್ತಕಕ್ಕಿಂತ ಕಲ್ಲೇ ಹೆಚ್ಚು. ಶಂಖ ಮೂಡಿದ್ದು, ಎಲೆ ಮೂಡಿದ್ದು. ಅವನ್ನೆಲ್ಲ ಊರೂರು ತಿರುಗುವಾಗ ಆರಿಸಿ ತಂದುಕೊಟ್ಟವನು ಕರೀಂಸಾಬನೇ. ಇಬ್ಬರದೂ ಬಾಲ್ಯದ ದೋಸ್ತಿ. ಅಂಥ ಗೆಳೆಯನ ಹೆಸರಿನಲ್ಲಿ ನಿರಪರಾಧಿಯೊಬ್ಬ ನೇಣಿಗೆ ಹೋಗುವುದೇ? ಮಾಸ್ತರ ಅರ್ಧ ಊಟಕ್ಕೇ ಎದ್ದ.

"ಬರೂ ಮುಂದ ಜ್ವಾಳ ತರ್ರಿ," ಎಂದಳು ಲಲಿತಾಬಾಯಿ ಬೆನ್ನ ಹಿಂದೆ. "ಅಂಗಳದಾಗ ಹಗೇವು ಇಟ್ಕೊಂಡು ಪ್ಯಾಟಿ ಜ್ವಾಳ ತಿನ್ನೂ ಮನಿ ಈ ಓಣ್ಯಾಗ ನಮ್ಮದೊಂದೇ."

ನೆಲದೊಳಗಿನ ಆ ಜೋಳದ ಕಣಜಕ್ಕೆ ನೀರು ಹೊಕ್ಕಿದೆಯೆಂದು ಮಾಸ್ತರ ಅದನ್ನು ಬಳಸುವುದು ಬಿಟ್ಟಿದ್ದ. ಈ ಗೊಣಗಾಟಕ್ಕೆ ಕಿವಿಗೊಟ್ಟು ಕೂತರೆ ಬಸ್ಸು ಸಿಗುತ್ತದೆಯೇ?

ಬಸ್ಸಿನಲ್ಲಿ ಸೀಟಿನ ಕೆಳಗಿನ ತಗಡು ಸಡಿಲಾಗಿ ದಾರಿಯುದ್ದಕ್ಕೂ ಬಡಿದುಕೊಳ್ಳುತ್ತಿತ್ತು. ಮಾಸ್ತರ ಸ್ವಲ್ಪ ಹೊತ್ತು ಸಹಿಸಿದ, ಆಮೇಲೆ ಎದ್ದು ಕಮಲಾಪುರದವರೆಗೂ ನಿಂತೇ ಬಂದ.

ಬಾವಿಯ ಸುತ್ತ ಜನ. ದಂಡೆಯ ಮೇಲೆ ಕರೀಂಸಾಬನ ಹೆಂಡತಿ ಮಸ್ತಾನಬಿ, ಮಡಿಲಲ್ಲಿ ಮಡಚಿದ ಹೊಸ ಬಿಳಿ ಬಟ್ಟೆ. ಗಂಡನ ಕಫನಿಗೆಂದು, ಶವಕ್ಕೆ ಹೊದಿಸಲು ತಂದದ್ದು. ಅವಳು ಯಾರನ್ನೂ ಬೈಯುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ.

"ಪಕ್ಕೆಲುಬು ಕಾಣ್ತಾವ, ಕೈಬೆರಳು ಕಾಣ್ತಾವ," ಎಂದ ಪೊಲೀಸ್ ಅಮೀನ. "ಇನ್ನೇನು ಬೇಕ್ರಿ, ಮಾಸ್ತರ್?"

"ತಲಿ ನೋಡೀರೇನು?"

"ಅದು ಇನ್ನೂ ಕಲ್ಲಿನ್ಯಾಗದ."

ಮಾಸ್ತರ ಹಗ್ಗ ಹಿಡಿದ. ಆಗ ಬೇಡಿ ಹಾಕಿಸಿಕೊಂಡು ನಿಂತಿದ್ದ ಮಾಪಣ್ಣನೇ ತಡೆದ.

"ಹಂಗೇ ಇಳೀಬ್ಯಾಡ್ರಿ, ಮಾಸ್ತರ್. ಮೊನ್ನಿಯಿಂದ ಬಾವಿ ಮ್ಯಾಲ ಹಲಗಿ ಮುಚ್ಚಿದ್ದರು. ಹಗೇವಿಗಿ ಬಿಡ್ತೀವಲ್ರಿ, ಹಂಗ ಮೊದಲ ಕಂದೀಲು ಬಿಡ್ರಿ. ಕೆಟ್ಟ ಗಾಳಿ ಇದ್ದರ ದೀಪ ಆರ್ತದ."

ಕಂದೀಲು ಹಗ್ಗದ ತುದಿಯಲ್ಲಿ ತೂಗುತ್ತ ಇಳಿಯಿತು. ತಳ ಮುಟ್ಟಿದರೂ ಉರಿಯುತ್ತಿತ್ತು. ಮಾಸ್ತರನ ಮುಖ ಮಾತ್ರ ಬೆವರಿನಿಂದ ತೊಯ್ದಿತ್ತು.

"ದೆವ್ವಕ್ಕ ಹೆದರಿದ್ರೇನು?" ಎಂದು ಅಮೀನ ನಕ್ಕ.

ಮಾಸ್ತರ ಇಳಿದ. ಚಾಣದಿಂದ ಕಲ್ಲು ಬಿಡಿಸುತ್ತ ಹೋದ. ಮನುಷ್ಯನ ದವಡೆ ಮುಗಿಯುವಲ್ಲಿ ಈ ದವಡೆ ಮುಗಿಯಲಿಲ್ಲ. ಮೊಳದುದ್ದ ಮುಂದೆ ಚಾಚಿತು. ಅಂಚಿಗೆ ಸಾಲಾಗಿ ಚೂಪು ಹಲ್ಲು. ಅಮೀನನನ್ನೂ ಕೆಳಗೆ ಕರೆದ.

"ಇದು ಮನಶಾನ ಬಾಯೇನ್ರಿ?"

"ಮೊಸಳಿ? ಈ ಒಣಾ ನೆಲದಾಗ?"

"ಮೊಸಳಿ ಅಲ್ರಿ, ಮೊಸಳಿ ದಾಯಾದಿ. ಕಾಲು ಎತ್ತರ. ನೆಲದ ಮ್ಯಾಲೇ ಓಡ್ಯಾಡಿ ಬ್ಯಾಟಿ ಆಡ್ತಿತ್ತು. ಡೈನೋಸಾರ್ ಅನ್ನೂ ರಾಕ್ಷಸ ಪ್ರಾಣಿಗಳಿದ್ದವಲ್ಲ, ಆ ಕಾಲದ್ದು. ಈಗ ಇದರ ವಂಶಾನೇ ಇಲ್ಲ. ಎಲುಬು ಪೂರಾ ಕಲ್ಲಾಗ್ಯಾವ, ಬಡದು ನೋಡ್ರಿ."

ಅಮೀನ ಲಾಠಿಯ ತುದಿಯಿಂದ ಬಡಿದ. ಕಲ್ಲಿನ ಸದ್ದೇ ಬಂತು.

ಮೇಲೆ ಬಂದು ಅವನೇ ಬೇಡಿ ಬಿಚ್ಚಿದ. ಮಾಪಣ್ಣ ಓಡಿಬಂದು ಮಾಸ್ತರನ ಕಾಲಿಗೆ ಬಿದ್ದ. "ನನ್ನ ಜೀವ ಉಳಿಸಿದ್ರಿ," ಎಂದು ಬಿಕ್ಕಿದ. ಮಾಸ್ತರ ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡ. ಆ ಮಾತು ಅವನಿಗೆ ಸೇರಲಿಲ್ಲ.

ಜನ ಚದುರಿದರು. ಮಸ್ತಾನಬಿ ಕೂತಲ್ಲೇ ಇದ್ದಳು.

"ಅದು ಹ್ಯಾಂಗ ಸತ್ತಿತು, ಭಾಯಿ?"

ಮಾಸ್ತರ ಬಾವಿಯ ಕಡೆ ನೋಡಿದ. "ಮ್ಯಾಲ ಕಲ್ಲು ಮುಚ್ಕೊಂಡಿತು, ಭಾಬಿ."

"ಯಾರಿಗೂ ಗೊತ್ತಾಗಲಿಲ್ಲೇನು?"

"ಗೊತ್ತಾಗಲಿಲ್ಲ."

"ಪಾಪ," ಎಂದಳು ಆಕೆ. "ಮಾಪಣ್ಣ ಉಳಿದ, ಛಲೋ ಆಯ್ತು. ಆದರ ಇವತ್ತ ಮಣ್ಣು ಕೊಟ್ಟು, ಅತ್ತು, ಹಗುರಾಗಬೇಕಂತ ಬಂದಿದ್ದೆ. ಅವರಿಗಿ ಒಂದು ಗೋರಿ ಆಗಿದ್ದರ ಸಾಕಿತ್ತು, ಭಾಯಿ. ಸಂಜಿ ಆದರ ಇನ್ನೂ ಬಾಗಿಲು ತೆರದು ಕುಂದರ್ತೀನಿ." ಬಟ್ಟೆಯನ್ನು ಅವನ ಕೈಗಿತ್ತಳು. "ಅವರ ದೋಸ್ತ ನೀವು. ಎಲ್ಲಾದರೂ ಸಿಕ್ಕರ ಹೊದಿಸ್ರಿ."

ವಾಪಸು ಬರುವಾಗಲೂ ಅದೇ ಬಸ್ಸು. ಈ ಸಲ ಮಾಸ್ತರ ಅದೇ ಸೀಟಿನಲ್ಲಿ ಕೂತು, ತಗಡು ಬಡಿಯುವುದನ್ನು ಕಲಬುರಗಿಯವರೆಗೂ ಕೇಳಿದ.

ಮನೆಗೆ ಬಂದವನು ಬಟ್ಟೆಯನ್ನು ಕಟ್ಟೆಯ ಮೇಲಿಟ್ಟ. ಹಾರೆ ತಂದು ಹಗೇವಿನ ಬಾಯಿಗೆ ಮೆತ್ತಿದ ಮಣ್ಣು ಕೆತ್ತಿ, ಬಂಡೆ ಸರಿಸಿದ.

"ಕಂದೀಲು ತಾ," ಎಂದ.

"ಇನ್ನೂ ಬಿಸಲದ. ಕಂದೀಲು ಯಾಕ್ರಿ?" ಎನ್ನುತ್ತಲೇ ಲಲಿತಾಬಾಯಿ ತಂದುಕೊಟ್ಟಳು.

ಮಾಸ್ತರ ಹಗ್ಗ ಕಟ್ಟಿ ನಿಧಾನವಾಗಿ ಇಳಿಬಿಟ್ಟ. ತಳ ಮುಟ್ಟುವ ಮೊದಲೇ ದೀಪ ಆರಿತು.

ಲಲಿತಾಬಾಯಿ ತವರಿನಲ್ಲಿದ್ದ ಆ ಸೆಪ್ಟೆಂಬರ್ ಸಂಜೆ, ಬೆನ್ನಟ್ಟಿದವರು ಓಣಿಗೆ ಬರುವ ಮೊದಲು ಗೆಳೆಯನನ್ನು ಉಳಿಸಲೆಂದು ಇದರೊಳಗೆ ಇಳಿಸಿ ಬಂಡೆ ಎಳೆಯುವ ಅವಸರದಲ್ಲಿ, ಅವನು ಕಂದೀಲು ಬಿಟ್ಟು ನೋಡಿರಲಿಲ್ಲ.