ಹಸಿರಿನ ಮೇಲೆ ನೀಲಿ

ಅವಳು ಅರ್ಧ ಏಣಿ ಹತ್ತಿದಾಗ ದಲ್ಲಾಳಿ ಓಡಿಬಂದ.

"ಅಕ್ಕಾ, ಹೆಂಗಸ್ರ್ ಬೋಟ್ ಹತ್ತೂಕಾಗ. ಕೆಳಗಿಂದಲೇ ಕಾಣಿ. ಇಲ್ದಿರೆ ಗಂಡಸ್ರನ್ ಕಳ್ಸಿ."

"ಏಣಿ ಗಟ್ಟಿ ಹಿಡ್ಕಣಿ. ಬಿದ್ರೆ ನಿಮ್ ತಲಿ ಮೇಲೇ ಬೀಳ್ತೆ."

ಹಳೇ ಟ್ರಾಲರ್ ಬೋಟು ಬೇಕೆಂದು ಅವಳು ಬಂದರಿನಿಂದ ಬಂದರಿಗೆ ಅಲೆಯುತ್ತಿದ್ದಳು. ಮೇಲೆ ಹತ್ತಿ ಹೊಸ ನೀಲಿ ಬಣ್ಣವನ್ನು ಉಗುರಿನಿಂದ ಕೆರೆದಳು. ಅಡಿಯಲ್ಲಿ ಹಸಿರು ಕಂಡಿತು. ಇಂಜಿನ್ ಕೋಣೆಗೂ ಇಳಿದು ನೋಡಿ ಬಂದಳು.

ಗಿರಾಕಿ ಗಟ್ಟಿ ಎಂದುಕೊಂಡು ದಲ್ಲಾಳಿಯೂ ಹಿಂದೆಯೇ ಹತ್ತಿದ.

"ಯಾರದ್ ಬೋಟ್?" ಅವಳು ಕೇಳಿದಳು.

"ಯಜಮಾನ್ರ್ ತೀರ್ಕಂಡ್ರ್. ಅವ್ರ್ ತಮ್ಮ ಮಾರ್ತಿದ್ರ್."

"ಅವ್ರ್ ಹೆಂಡ್ತಿ ಒಪ್ಪಿದ್ರಾ?"

"ಒಪ್ದೆ ಎಂತ ಮಾಡತ್ತ್? ಆ ಹೆಂಗ್ಸ್ ಬೋಟ್ ತಕಂಡ್ ಕಡ್ಲಿಗ್ ಹೋತ್ತಾ?" ಅವನು ನಕ್ಕ. "ಅದ್ರ ಮೋರೆ ಸಹ ನಾ ಕಾಣ್ಲಿಲ್ಲ. ಅದ್ ಬಿಡಿ. ನಿಮ್ಗಾಯಿ ಕಮ್ಮಿಗ್ ಕೊಡ್ಸ್ತೆ, ತಕಣಿ."

ಅವಳು ಚುಕ್ಕಾಣಿ ಹಿಡಿದು ನಿಂತಳು.

"ನಾ ತಕಂಬುದಿಲ್ಲ. ಬೋಟ್ ನಂದೇ, ಮಾರುಕೆ ನಾ ಒಪ್ಲಿಲ್ಲ."