ಮಾವ ಹಿಡಿದ ಮೀನು

ಲ್ಯಾಬಿನಿಂದ ಬಂದ ಸೊಸೆ ಚಪ್ಪಲಿ ಬಿಟ್ಟವಳೇ ಹಾಲ್‌ನಲ್ಲಿ ನಿಲ್ಲದೆ ಸೀದಾ ಅಡುಗೆಮನೆಗೆ ನುಗ್ಗಿ ಬಾಗಿಲು ಮುಂದಕ್ಕೆ ಮಾಡಿದಳು. ಹಾಲ್‌ನಲ್ಲಿ ಮಾವ ಬೆಳಿಗ್ಗೆಯಿಂದ ರಿಪೋರ್ಟಿಗಾಗಿ ಕಾದು ಕೂತಿದ್ದರು. ಮೂವತ್ತು ವರ್ಷದ ಹಿಂದೆ ಅವರು ಕೆರೆಯಲ್ಲಿ ಹಿಡಿದ ಮೀನಿನ ಒಣಗಿದ ತಲೆ ಮೇಲೆ ಗೋಡೆಯಲ್ಲಿ ಬಾಯಿ ತೆರೆದುಕೊಂಡಿತ್ತು. ಅದರ ಕಥೆ ಕೇಳದೆ ಆ ಮನೆಯಲ್ಲಿ ಯಾರಿಗೂ ಕಾಫಿ ಸಿಕ್ಕಿದ್ದಿಲ್ಲ. ಕೆರೆ ಹಿಂದೆ ಹೇಗಿತ್ತೆಂದು ತಿಳಿಯಲು ಆ ಕಾಲದ ಮೀನು ಬೇರೆಲ್ಲೂ ಸಿಗದೆ, ಸೊಸೆ ಹೋದ ತಿಂಗಳು ಅದರ ಕಿವಿಯೊಳಗಿನ ಪುಟ್ಟ ಕಲ್ಲು, ಕಿವಿಕಲ್ಲು ತೆಗೆದು ಪರೀಕ್ಷೆಗೆ ಒಯ್ದಿದ್ದಳು.

"ಅತ್ತೆ, ಒಂದು ಎಡವಟ್ಟಾಗಿದೆ," ಎಂದಳು ಮೆಲ್ಲಗೆ. "ಮಾವನ ಮೀನು ಈ ಕೆರೇದಲ್ಲ."

ಈರುಳ್ಳಿ ಹೆಚ್ಚುತ್ತಿದ್ದ ಅತ್ತೆಯ ಕೈ ನಿಂತಿತು. "ಹಾಗಂತ ಯಾರು ಹೇಳಿದ್ದು?"

"ಮೀನೇ ಹೇಳಿದ್ದು. ಕಿವಿಕಲ್ಲು ವರ್ಷಕ್ಕೊಂದು ಸುತ್ತು ಬೆಳೆಯುತ್ತೆ. ಮೀನು ಯಾವ ನೀರಲ್ಲಿತ್ತೋ ಆ ನೀರಿನ ಆಕ್ಸಿಜನ್ ಅದರಲ್ಲಿ ಉಳ್ಕೊಂಡಿರುತ್ತೆ. ಬಿಸಿಲಿಗೆ ಕೆರೆ ಆರುವಾಗ ಹಗುರ ಆಕ್ಸಿಜನ್ ಹೆಚ್ಚು ಹಾರಿಹೋಗುತ್ತೆ, ಭಾರದ್ದು ಹಿಂದೆ ಉಳಿಯುತ್ತೆ. ಹಾಗಾಗಿ ಕೆರೆ ಮೀನಿನ ಕಲ್ಲಲ್ಲಿ ಬೇಸಿಗೆಗೊಂದು ಏರು, ಮಳೆಗೊಂದು ಇಳಿವು ಇರ್ಲೇಬೇಕು. ಇದರಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. ಹುಟ್ಟಿದಾಗಿಂದ ಬಾವಿ ನೀರಿನ ತೊಟ್ಟೀಲಿ ಹಾಯಾಗಿ ತಿಂದುಂಡು ಬೆಳೆದ ಸಾಕು ಮೀನು ಇದು."

"ಕಲ್ಲು ಆ ವರ್ಷ ಬಿಸಿಲೆಷ್ಟಿತ್ತು ಅಂತ ಹೇಳುತ್ತೆ ಅಂತ ನೀನು ಅಂದಿದ್ದೆ. ಹುಟ್ಟಿದ ಮನೆ ವಿಳಾಸ ಹೇಳುತ್ತೆ ಅಂದಿರ್ಲಿಲ್ಲ," ಎಂದರು ಅತ್ತೆ, ತಪ್ಪೆಲ್ಲ ಸೊಸೆಯದ್ದೇ ಎಂಬಂತೆ.

ಸೊಸೆಗೆ ಅಳುವೇ ಬಂತು. ಸಂಶೋಧನೆಯಲ್ಲಿ ಆ ಕಾಲದ ಮಾಹಿತಿ ಹೋದರೆ ಹೋಗಲಿ. ಮನೆಯಲ್ಲಿ ಯಾರ ಸುಳ್ಳನ್ನೂ ಸಹಿಸದ ಮಾವ ಊರಿಗೆಲ್ಲ ಬುರುಡೆ ಬಿಟ್ಟರೇ? ಅದನ್ನು ಅವರ ಮುಖಕ್ಕೆ ಹೇಳುವುದಾದರೂ ಹೇಗೆ ಎಂದು ಅತ್ತೆಯನ್ನೇ ಕೇಳಿದಳು.

"ಅವರು ಬುರುಡೆ ಬಿಟ್ಟಿಲ್ಲ ಕಣೇ. ಬಿಟ್ಟೋಳು ನಾನು," ಎಂದು ಅತ್ತೆ ದನಿ ತಗ್ಗಿಸಿದರು. "ಇವರು ಗಡಿಯಾರ ರಿಪೇರಿ ಅಂಗಡಿ ಮುಚ್ಚಿದ ವರ್ಷ ಅದು. ನಾಲ್ಕು ತಿಂಗಳು ಗಾಳ ಹಿಡ್ಕೊಂಡು ಕೆರೆ ದಂಡೇಲಿ ಕೂತ್ರು. ಒಂದು ಕಪ್ಪೆನೂ ಬೀಳ್ಲಿಲ್ಲ. 'ನಾನು ಮುಟ್ಟಿದ್ದೆಲ್ಲ ಮಣ್ಣು' ಅಂತ ಇವರದ್ದು ಒಂದೇ ರಾಗ. ನಂಗೆ ಭಯ ಆಯ್ತು. ಮೀನು ಸಾಕೋನ ಹತ್ರ ಹೋಗಿ, ಇದ್ದದ್ದರಲ್ಲಿ ದೊಡ್ಡದನ್ನ ಬಕೆಟಲ್ಲಿ ಜೀವಂತ ತಂದೆ. ಇವರು ಮಧ್ಯಾಹ್ನ ತೂಕಡಿಸ್ತಿರುವಾಗ ನಾನು ಹೇಳಿಟ್ಟಿದ್ದ ಕೆರೆಯ ದೋಣಿಯವನು ಅದನ್ನ ಇವರ ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟ. ಆ ಸಂಜೆ ಮನೆಗೆ ಬಂದೋರು ಬೇರೆ ಮನುಷ್ಯ. ಮುಂದಿನ ವಾರವೇ ಅಂಗಡಿ ಬಾಗಿಲು ತೆಗೆದ್ರು." ಅತ್ತೆ ತೋಳಿನಿಂದ ಕಣ್ಣೊರೆಸಿಕೊಂಡು, ತಪ್ಪು ಈರುಳ್ಳಿಯ ಮೇಲೆ ಹಾಕಲು ಅದನ್ನು ದೂರ ತಳ್ಳಿದರು. "ಈಗ ಹೋಗಿ ಒಂದು ಸುಳ್ಳು ಹೇಳು. ನಿಂಗೆ ಪುಣ್ಯ ಬರುತ್ತೆ."

ಲ್ಯಾಬಿನಲ್ಲಿ ಒಂದು ಸೊನ್ನೆ ಆಚೀಚೆಯಾದರೆ ಊಟ ಬಿಡುವ ಹೆಣ್ಣು ಅದು. ರಿಪೋರ್ಟನ್ನು ನಾಲ್ಕಾಗಿ ಮಡಚಿ ಮುಷ್ಟಿಯಲ್ಲಿ ಮುಚ್ಚಿಕೊಂಡು ಹಾಲ್‌ಗೆ ಬಂದಳು. ಮಾವ ಟಿವಿ ಆರಿಸಿ, ಹತ್ತಿರ ಬಾ ಎಂದು ಸನ್ನೆ ಮಾಡಿದರು.

"ತೊಟ್ಟಿ ಮೀನು ಅಂತ ಬಂತಾ?" ಎಂದು ಪಿಸುಗುಟ್ಟಿದರು.

ಸೊಸೆ ಕಕ್ಕಾಬಿಕ್ಕಿಯಾದಳು. "ನಿಮಗೆ ಗೊತ್ತಿತ್ತಾ ಮಾವ?"

"ಗಾಳದಲ್ಲಿ ನಾನು ಚುಚ್ಚಿದ ಎರೆಹುಳ ಹಾಗೇ ಒದ್ದಾಡ್ತಿತ್ತು ಕಣಮ್ಮಾ. ಹುಳ ಬಿಟ್ಟು ಬರೀ ಕಬ್ಬಿಣ ತಿನ್ನೋ ಮೀನು ಯಾವ ಕೆರೇಲಿರುತ್ತೆ? ಸಾಲದ್ದಕ್ಕೆ ದೋಣಿಯೊಳಗೆ ನಮ್ಮನೆ ಬಕೆಟು. ಇವಳು ನನಗೋಸ್ಕರ ಇಷ್ಟು ಒದ್ದಾಡಿದ್ಲಲ್ಲ. ಆಮೇಲೂ ಎದ್ದು ಅಂಗಡಿ ತೆಗೀದೆ ಇರೋಕಾಗುತ್ತಾ?"

ಮಾವ ಅಡುಗೆಮನೆಯ ಬಾಗಿಲ ಕಡೆಗೊಮ್ಮೆ ನೋಡಿ, ಸೊಸೆಯ ಮುಷ್ಟಿಯಲ್ಲಿದ್ದ ಕಾಗದ ತೆಗೆದು ತಮ್ಮ ಜೇಬಿಗೆ ಸೇರಿಸಿದರು.

"ಈಗ ಕೆರೆ ಮೀನೇ ಅಂತ ಗಟ್ಟಿಯಾಗಿ ಹೇಳು. ಪಾಪ, ಒಳಗೆ ಉಸಿರು ಬಿಗಿಹಿಡ್ಕೊಂಡು ನಿಂತಿರ್ತಾಳೆ."