ಮೂರನೆಯ ಸಲ

ಹೆಡ್‌ಮಾಸ್ಟರು ಮೊದಲ ಸಲ ಬೇಡವೆಂದಾಗ ಯಾರೂ ಅದನ್ನು ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ. ಆ ಚರ್ಚಿನಲ್ಲಿ ಯಾವ ಹೊಣೆಗೆ ಕರೆದರೂ ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ಕೇಳಿದಾಗ ತಲೆಬಾಗಿ ಒಪ್ಪಿಕೊಳ್ಳಬೇಕು. ಹುದ್ದೆಗೆ ಹಾತೊರೆಯುವವನ ಕೈಗೆ ಹುದ್ದೆ ಕೊಡಬಾರದು ಎಂದು ಹಿಂದೆಂದೋ ಇದ್ದ ಪಾದ್ರಿ ಅಯ್ಯನವರೊಬ್ಬರು ಹಾಕಿಕೊಟ್ಟ ರೂಢಿ ಅದು. ಈಗ ಹೂದಾನಿ ತೊಳೆಯುವ ಸರದಿಗೂ ಜನ ಎರಡು ಸಲ ಬೇಡ ಅನ್ನುತ್ತಿದ್ದರು.

ಈಚಿನವರೆಗೆ ಇದ್ದ ಅಯ್ಯನವರು ವರ್ಗವಾಗಿ ಹೋಗಿದ್ದರು. ಹೊಸಬರು ಬರಲು ಆರೇಳು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಭಾನುವಾರದ ಆರಾಧನೆ ನಡೆಸಿ ಉಪದೇಶದ ಪ್ರಸಂಗ ಹೇಳಲು ಹಿರಿಯರ ಸಮಿತಿ ತನ್ನೊಳಗಿನಿಂದಲೇ ಒಬ್ಬರನ್ನು ಹಂಗಾಮಿಯಾಗಿ ಆರಿಸಬೇಕಿತ್ತು. ಸಮಿತಿ ಸೇರಿದ್ದು ಮಕ್ಕಳ ಪಾಠದ ಕೋಣೆಯಲ್ಲಿ. ಅಲ್ಲಿದ್ದದ್ದು ಮಕ್ಕಳ ಕುರ್ಚಿಗಳೇ ಆದ್ದರಿಂದ ಹಿರಿಯರೆಲ್ಲರ ಮಂಡಿಗಳೂ ಎದೆಮಟ್ಟಕ್ಕೆ ಬಂದಿದ್ದವು. ಆ ಸ್ಥಿತಿಯಲ್ಲೂ ಗಾಂಭೀರ್ಯ ಉಳಿಸಿಕೊಂಡವರು ಹೆಡ್‌ಮಾಸ್ಟರು ಒಬ್ಬರೇ.

ಅವರಿಗೆ ಆ ಜಾಗ ಬೇಕಿತ್ತು. ಬಹಳ ಬೇಕಿತ್ತು. ನಿವೃತ್ತರಾದಾಗಿನಿಂದ ಅವರು ಒಂದು ವಾಕ್ಯ ಮುಗಿಸುವ ತನಕ ಕಾದವರು ಯಾರೂ ಇಲ್ಲ. ಮೊಮ್ಮಕ್ಕಳು ಕೂಡ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಪ್ರಸಂಗಪೀಠದ ಮುಂದೆ ಕೂತವರಾದರೆ ಹಾಗೆ ಎದ್ದು ಹೋಗುವಂತಿಲ್ಲ. ಒಂದು ವಾರದಿಂದ ಅವರು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಮೊದಲ ಪ್ರಸಂಗವನ್ನು ಬಾಯಿಪಾಠ ಮಾಡುತ್ತಿದ್ದರು. ಬೇಡವೆಂದು ಹೇಳುವುದನ್ನೂ ಅಲ್ಲೇ ಅಭ್ಯಾಸ ಮಾಡಿದ್ದರು. ಹೆಂಡತಿ ಭಾನುವಾರಕ್ಕೆಂದು ಕರಿ ಕೋಟನ್ನು ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದರು.

ಸಮಿತಿಗೆ ಆಸ್ಪತ್ರೆಯ ಮೇಟ್ರನ್ ಅಧ್ಯಕ್ಷೆ. ರೋಗಿಗಳ ನಡುವೆಯೇ ತಲೆ ನೆರೆದ ಹೆಂಗಸು. ಮುಖ ನೋಡಿಯೇ ಕಾಯಿಲೆ ಹೇಳಬಲ್ಲೆ ಎಂಬ ನಂಬಿಕೆ ಅವರಿಗಿತ್ತು. ಅವರು ಹೆಡ್‌ಮಾಸ್ಟರನ್ನು ಎರಡನೆಯ ಸಲ ಕೇಳಿಕೊಂಡರು.

ಹೆಡ್‌ಮಾಸ್ಟರು ಎದ್ದು ನಿಂತರು. ಆ ಪುಟ್ಟ ಕುರ್ಚಿಯಿಂದ ಏಳಲು ಮೇಜು ಹಿಡಿಯಬೇಕಾಯಿತು. ಅದೂ ಒಳ್ಳೆಯದೇ ಆಯಿತು. ತಾನು ಉದುರಲಿರುವ ಹಣ್ಣೆಲೆ ಎಂದರು. ಕಣ್ಣು ಮಬ್ಬಾಗಿದೆ, ಪೀಠದ ಮೆಟ್ಟಿಲು ಹತ್ತಲು ಮಂಡಿ ಒಪ್ಪುವುದಿಲ್ಲ, ಮಂದೆಯ ಮುಂದೆ ನಡೆಯಬೇಕಾದವನು ಹಿಂದೆ ಉಳಿದು ಕುಂಟುತ್ತಿದ್ದೇನೆ ಎಂದರು. ಹಿರಿಯರೆಲ್ಲ ಪುಟ್ಟ ಕುರ್ಚಿಗಳಲ್ಲೇ ಮುಂದಕ್ಕೆ ಬಾಗಿ ಕೂತರು. ಎಷ್ಟೋ ವರ್ಷಗಳ ಮೇಲೆ ಜನ ತನ್ನ ಮಾತಿಗೆ ಹೀಗೆ ಕಿವಿಗೊಟ್ಟಿದ್ದಾರೆ ಎಂದು ಕಂಡಾಗ ಅವರಿಗೆ ಹುರುಪು ಬಂತು. ಅಭ್ಯಾಸ ಮಾಡದೇ ಇದ್ದ ಮಾತೊಂದು ತಾನಾಗಿ ಬಾಯಿಗೆ ಬಂತು.

"ಮೊನ್ನೆ ಪ್ರಾರ್ಥನೆಗೆ ಕೂತೆ. ಮನೆಯವಳಿಗೋಸ್ಕರ ದೇವರನ್ನ ಬೇಡ್ಕೋಬೇಕು. ಅವಳ ಹೆಸರೇ ನೆನಪಿಗೆ ಬರ್ಲಿಲ್ಲ."

ಮೇಟ್ರನ್ ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು. ಹೆಡ್‌ಮಾಸ್ಟರು ಕೂತು, ತಲೆ ತಗ್ಗಿಸಿ, ಮೂರನೆಯ ಸಲಕ್ಕೆ ಕಾದರು.

"ನಮ್ದೇ ತಪ್ಪು," ಎಂದರು ಮೇಟ್ರನ್. "ಇಷ್ಟು ಕಷ್ಟದಲ್ಲಿದೀರ ಅಂತ ಗೊತ್ತಾಗ್ಲಿಲ್ಲ. ಇನ್ನು ನಿಮ್ಮನ್ನ ಯಾರೂ ಪೀಡಿಸೋದಿಲ್ಲ ಸರ್."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು ಹೆಡ್‌ಮಾಸ್ಟರಿಗೆ ತಿಳಿಯುವಷ್ಟರಲ್ಲಿ ಮೇಟ್ರನ್ ಸಮಿತಿಯಲ್ಲೇ ಇದ್ದ ಡ್ರೈವಿಂಗ್ ಸ್ಕೂಲಿನವನ ಕಡೆಗೆ ತಿರುಗಿಯಾಗಿತ್ತು. ಅವನು ಮೊದಲು ಬೇಡ ಅಂದ. ಎರಡನೆಯ ಸಲ, ತನಗೆ ಮಾತು ಬರುವುದಿಲ್ಲ, 'ನಿಧಾನ', 'ಬ್ರೇಕು' ಎಂಬೆರಡು ಮಾತು ಬಿಟ್ಟರೆ ಯಾರಿಗೂ ಏನೂ ಹೇಳಿ ರೂಢಿಯಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ. ಹೊರಗೆ, ಗಾಡಿ ಕಲಿಯಲು ಬಂದು ಕಾದು ಕೂತಿದ್ದ ಹೆಂಗಸು ಹಾರ್ನ್ ಒತ್ತಿದಳು. ಮೂರನೆಯ ಸಲ ಕೇಳಿದಾಗ, ಪಾಠಕ್ಕೆ ಹೊತ್ತಾಯಿತೆಂದು ಆಗಲಿ ಅಂದುಬಿಟ್ಟ. ಎಲ್ಲರೂ ಅವನ ಕೈ ಕುಲುಕಿದರು. ಹೆಡ್‌ಮಾಸ್ಟರೂ ಕುಲುಕಿದರು.

ಏಳುವ ಹೊತ್ತಿಗೆ ಮೇಟ್ರನ್ನರಿಗೆ ಇನ್ನೊಂದು ಹೊಳೆಯಿತು. ಭಾನುವಾರಗಳಲ್ಲಿ ಸಭೆಗೆ ಸತ್ಯವೇದ ಓದಿ ಹೇಳುತ್ತಿದ್ದವರು ಹೆಡ್‌ಮಾಸ್ಟರೇ. ಇನ್ನು ಮೇಲೆ ಆ ಭಾರವನ್ನೂ ಅವರ ಮೇಲೆ ಹಾಕುವುದು ಬೇಡ, ಸುಮ್ಮನೆ ಬಂದು ಕೂತರೆ ಸಾಕು ಎಂದರು.

"ಬೇಡ, ಬೇಡ. ಓದೋದು ನಾನೇ ಓದ್ತೀನಿ," ಎಂದರು ಹೆಡ್‌ಮಾಸ್ಟರು.

ಅದು ನಿಜವಾದ ಬೇಡ. ಆದರೆ ಆ ಚರ್ಚಿನಲ್ಲಿ ಮೊದಲ ಬೇಡವನ್ನು ಯಾರು ತಾನೇ ನಂಬುತ್ತಾರೆ? ಮೇಟ್ರನ್ ಅವರ ಬೆನ್ನು ಸವರಿ, ಮೆಟ್ಟಿಲಿಳಿಯುವಾಗ ತೋಳು ಹಿಡಿದುಕೊಂಡರು.

ಹೆಡ್‌ಮಾಸ್ಟರು ಮನೆ ತಲುಪುವ ಮೊದಲೇ ಮೇಟ್ರನ್ನರ ಫೋನು ತಲುಪಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

"ನನ್ನ ಹೆಸರು ಮರೆತುಹೋಗಿದೆಯಂತೆ," ಎಂದರು. "ಒಂದಿನಾದ್ರೂ ಹೆಸರು ಹಿಡಿದು ಕರೆದಿದ್ರೆ ತಾನೇ ಮರೆಯೋದು?"

ಹೆಡ್‌ಮಾಸ್ಟರು ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದರು. ಹೆಂಡತಿ ಅವರನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ, ಕುರ್ಚಿಯ ಬೆನ್ನಿನ ಮೇಲಿದ್ದ ಕೋಟನ್ನು ಎತ್ತಿ, ಅಲಮಾರಿಯ ಬಾಗಿಲು ತೆಗೆದರು.

"ಮೂರನೇ ಸಲ ಕೇಳ್ಲೇ ಇಲ್ವಾ?" ಎಂದು ಅಲ್ಲಿಂದಲೇ ಕೇಳಿದರು, ದನಿ ತಗ್ಗಿಸಿ.

"ಇಲ್ಲ ಕಣೇ," ಎಂದರು ಹೆಡ್‌ಮಾಸ್ಟರು. "ಎರಡನೇ ಸಲಾನೇ ತುಂಬ ಚೆನ್ನಾಗಿ ಮಾತಾಡಿಬಿಟ್ಟೆ."